ಕೆರೆ ಯಾರದು ಎಂದು ಕೇಳುವವರಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಪತ್ರಗಳಲ್ಲಿ ಯುವಕರೊಬ್ಬರು ಹಳ್ಳಿಗಳು ಮುಂದುವರಿಯದಿರಲು ಹಳೆಯದನ್ನೇ ಹಿಡಿದು ಕೂತ ಹಿರಿಯರು ಕಾರಣ ಎಂದು ಬರೆದಿದ್ದರು. ಆ ಪತ್ರವನ್ನು ಎರಡು ಸಲ ಓದಿದೆ. ಕೋಪ ಬರಲಿಲ್ಲ. ನಾನು ಸಂಪ್ರದಾಯಸ್ಥನೇ, ಹಾಗೆ ಕರೆಸಿಕೊಳ್ಳಲು ಬೇಸರವೂ ಇಲ್ಲ. ಆದರೆ ನಾವು ಹಿಡಿದುಕೊಂಡದ್ದು ಯಾವುದು, ಕೈಬಿಟ್ಟದ್ದು ಯಾವುದು ಅಂತ ಅವರಿಗೆ ತಿಳಿಸಬೇಕು ಅನ್ನಿಸಿತು. ನಮ್ಮೂರ ಕೆರೆಯ ವಿಷಯ ಹೇಳಿದರೆ ಸಾಕು.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವನು. 39 ವರ್ಷ ಊರಿನ ಅಂಚೆ ಕಚೇರಿಯಲ್ಲಿ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದೆ. ಜೊತೆಗೆ ಕೆರೆ ಹಿಂದೆ ಎರಡು ಎಕರೆ ಗದ್ದೆ. ಟಪಾಲು ಚೀಲ ತರಲು ದಿನಾ ಕೆರೆ ಏರಿ ಮೇಲೆ ಸೈಕಲ್ ತುಳಿಯುತ್ತಿದ್ದೆ. ಹಾಗಾಗಿ ಆ ಏರಿಯ ಒಂದೊಂದು ಕಲ್ಲೂ ನನಗೆ ಗೊತ್ತು.

ನಾನು ಹುಡುಗನಾಗಿದ್ದಾಗ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಕೆರೆಯಿಂದ ಕಾಲುವೆಗೆ ನೀರು ಬಿಡುವ ಬಾಗಿಲು ಅಂದರೆ ತೂಬು. ಅದನ್ನು ಎತ್ತುವುದು, ಇಳಿಸುವುದು ಅವನೊಬ್ಬನದೇ ಕೆಲಸ. ನಮ್ಮ ತಂದೆಯಾಗಲಿ, ಊರ ಗೌಡರಾಗಲಿ ತೂಬಿಗೆ ಕೈ ಹಾಕುವಂತಿರಲಿಲ್ಲ. ಅವನು ಗುದ್ದಲಿ ಹಿಡಿದು ರಾತ್ರಿಯೆಲ್ಲಾ ಕಾಲುವೆ ಮೇಲೆ ಓಡಾಡುತ್ತಿದ್ದ. ಒಂದು ಗದ್ದೆಯ ಮಡೆ ಕಟ್ಟಿ ಇನ್ನೊಂದರದ್ದು ತೆಗೆಯುತ್ತಿದ್ದ. ಸರದಿ ಬಂದಾಗ ಕೊನೆಯ ಗದ್ದೆಗೂ ನೀರು ಹೋಗಲೇಬೇಕು. ಅವನಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಇಷ್ಟು ಭತ್ತ, ಒಂದು ಹೊರೆ ಹುಲ್ಲು. ಅದನ್ನು ಆಯ ಅನ್ನುತ್ತಿದ್ದರು.

ಮಳೆ ಕಮ್ಮಿಯಾದ ವರ್ಷ ಅರಳಿಕಟ್ಟೆ ಹತ್ತಿರ ಸಭೆ ಸೇರುತ್ತಿತ್ತು. ಕೆರೆಯಲ್ಲಿ ಎಷ್ಟು ನೀರಿದೆ ಅಂತ ನೀರುಗಂಟಿ ಹೇಳುತ್ತಿದ್ದ. ಅವನ ಮಾತಿನ ಮೇಲೆ ಈ ಸಲ ಯಾರು ಎಷ್ಟು ಗದ್ದೆ ನಾಟಿ ಮಾಡಬಹುದು ಎಂದು ತೀರ್ಮಾನ. ಹತ್ತು ಎಕರೆಯವನಿಗೂ ಅರ್ಧ ಎಕರೆ, ಒಂದು ಎಕರೆಯವನಿಗೂ ಅರ್ಧ ಎಕರೆ. ಬೇಸಿಗೆಯಲ್ಲಿ ಮನೆಗೊಂದು ಗಾಡಿ ಕಟ್ಟಿ ಕೆರೆಯ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದೆವು. ಹೂಳು ಹೋಗಿ ಕೆರೆ ಆಳವಾಗುತ್ತಿತ್ತು, ಹೊಲಕ್ಕೆ ಗೊಬ್ಬರವೂ ಸಿಗುತ್ತಿತ್ತು. ಇದಕ್ಕೆ ಟೆಂಡರ್ ಇರಲಿಲ್ಲ, ಬಿಲ್ಲೂ ಇರಲಿಲ್ಲ.

ಇದು ನಮ್ಮೂರಿನಲ್ಲಿ ಮಾತ್ರ ಇದ್ದದ್ದಲ್ಲ. ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಬರುತ್ತದೆ. ಕೆರೆ ನೋಡಿಕೊಳ್ಳಲೆಂದೇ ಬಿಟ್ಟುಕೊಟ್ಟ ಭೂಮಿ ಅದು. ಅದರ ಹುಟ್ಟುವಳಿಯಲ್ಲಿ ಏರಿ ರಿಪೇರಿ, ಹೂಳು ತೆಗೆಯುವುದು ಎಲ್ಲ ನಡೆಯುತ್ತಿತ್ತು. ರಾಜರು ಬದಲಾದರೂ ಕೆರೆಗೆ ತನ್ನದೇ ಆದಾಯ ಇರುತ್ತಿತ್ತು. ಕೆಲವು ಶಾಸನಗಳ ಕೊನೆಯಲ್ಲಿ, ಈ ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಬರಲಿ ಅಂತ ಶಾಪ ಇರುತ್ತದೆ. ಓದುವಾಗ ಈಗಲೂ ಮೈ ಜುಮ್ ಅನ್ನುತ್ತದೆ. ಅಷ್ಟು ಭಯ, ಅಷ್ಟು ಭಕ್ತಿ ಇಟ್ಟುಕೊಂಡಿದ್ದರಿಂದಲೇ ರಾಜ್ಯದಲ್ಲಿ 36 ಸಾವಿರಕ್ಕೂ ಜಾಸ್ತಿ ಕೆರೆಗಳು ನಮ್ಮ ಕೈಗೆ ಬಂದವು.

ಹಾಗಂತ ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ನೀರುಗಂಟಿ ಕೆಲಸವನ್ನು ಒಂದೇ ಜಾತಿಯ ಒಂದು ಮನೆಗೆ ಕಟ್ಟಿಹಾಕಿದ್ದರು. ಇಡೀ ಊರಿಗೆ ನೀರು ಹಂಚುವ ಆ ಮನುಷ್ಯ ಅರಳಿಕಟ್ಟೆಯ ಮೇಲೆ ಕೂರುವಂತಿರಲಿಲ್ಲ. ಕೆಳಗೆ ನಿಂತೇ ಕೆರೆಯ ಲೆಕ್ಕ ಹೇಳುತ್ತಿದ್ದ. ನಾವು ಮೇಲೆ ಕೂತು ಕೇಳುತ್ತಿದ್ದೆವು. ಅದು ತಪ್ಪು. ಆ ತಪ್ಪನ್ನು ಕಾನೂನು ಬಂದು ತಿದ್ದಬೇಕಾಯಿತು, ನಾವಾಗಿ ತಿದ್ದಿಕೊಳ್ಳಲಿಲ್ಲ ಎನ್ನುವ ನೋವು ನನಗಿದೆ. ಸಂಪ್ರದಾಯ ಉಳಿಸಬೇಕು ಎನ್ನುವವನು ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಅವನ ಮಾತನ್ನು ಯಾರೂ ನಂಬುವುದಿಲ್ಲ, ನಂಬಲೂ ಬಾರದು.

ಆದರೆ ನಾವು ಮಾಡಿದ್ದೇನು? ಕೆಟ್ಟದ್ದನ್ನು ತೆಗೆಯುವ ಬದಲು ಕೆಲಸವನ್ನೇ ತೆಗೆದು ಹಾಕಿದೆವು. ಈಗ ನಮ್ಮೂರಲ್ಲಿ ನೀರುಗಂಟಿ ಅಂದರೆ ಕೊಳವೆಬಾವಿಯ ವಾಲ್ವ್ ತಿರುಗಿಸಿ ನಲ್ಲಿಗೆ ನೀರು ಬಿಡುವ ಪಂಚಾಯಿತಿ ನೌಕರ. ಕೆರೆಗೆ ಯಾರೂ ಇಲ್ಲ. ನಮ್ಮ ಮೊದಲ ಬೋರ್ 1989ರಲ್ಲಿ 140 ಅಡಿಗೆ ನೀರು ಕೊಟ್ಟಿತು. ಅವತ್ತಿನಿಂದ ಕೆರೆ ಕಡೆ ನೋಡುವುದನ್ನು ನಾವೇ ಬಿಟ್ಟೆವು. ಭತ್ತದ ಗದ್ದೆಗಳು ಅಡಿಕೆ ತೋಟಗಳಾದವು. ಮೊನ್ನೆ ಪಕ್ಕದ ತೋಟದವರು 900 ಅಡಿ ಕೊರೆಸಿದರು, ಬರೀ ಧೂಳು ಬಂತು. ಕೆರೆ ತುಂಬಿದ್ದರೆ ತಾನೇ ಬೋರಿಗೆ ನೀರು?

2002ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹಲವು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳು ಶುರುವಾದವು. ದುಡ್ಡು ಇರುವತನಕ ಫಲಕ ಇತ್ತು. ಹೊರಗಿನಿಂದ ಬಂದ ಸಂಘ ಹೊರಗಿನ ದುಡ್ಡಿನ ಜೊತೆಗೇ ಹೋಗುತ್ತದೆ ಅಂತ ನಾನು ಆಗಲೂ ಹೇಳಿದ್ದೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಮುಂದಿನ ಬೇಸಿಗೆಯಲ್ಲಿ ನಮ್ಮ ಕೆರೆ ಪೂರ್ತಿ ಒಣಗಿತು. ಆಗ ಹೂಳೆತ್ತುವ ಕಾಮಗಾರಿ ಅಂತ ಎರಡು ಜೆಸಿಬಿ ಬಂದವು. ಊರೇ ಖುಷಿಪಟ್ಟಿತು. 22 ದಿನ ಹಗಲು ರಾತ್ರಿ ಟಿಪ್ಪರ್‌ಗಳು ಓಡಾಡಿದವು. ಆದರೆ ಒಂದು ಲೋಡ್ ಮಣ್ಣೂ ನಮ್ಮ ಹೊಲಗಳಿಗೆ ಬರಲಿಲ್ಲ. ಎಲ್ಲ ಹೆದ್ದಾರಿ ಕಡೆ ಹೋಯಿತು. ಹೂಳು ಇದ್ದ ಕಡೆ ಅಗೆಯಲಿಲ್ಲ, ಒಳ್ಳೆಯ ಮಣ್ಣು ಇದ್ದ ಕಡೆ ಅಗೆದರು. ಅದೂ ಏರಿಯ ಬುಡಕ್ಕೆ ಹತ್ತಿರ. ಏರಿಯ ಬುಡ ಅಗೆದರೆ ಒಂದು ದಿನ ಏರಿಯೇ ಒಡೆಯುತ್ತದೆ ಎನ್ನುವುದು ನಮ್ಮ ಹಳೆಯ ನೀರುಗಂಟಿಗೆ ಗೊತ್ತಿತ್ತು. ಅವನಿಗೆ ಓದು ಬರಹ ಬರುತ್ತಿರಲಿಲ್ಲ.

ಮಳೆ ಬಂದ ಮೇಲೆ ಆ ಗುಂಡಿಗಳು ಎರಡಾಳು ಆಳ ತುಂಬಿಕೊಂಡವು. ನೀರು ಕುಡಿಯಲು ಹೋದ ಪಕ್ಕದ ಮನೆಯ ಕರು ಜಾರಿ ಸತ್ತಿತು. ಶಾಲೆ ಮಕ್ಕಳು ಈಜಲು ಹೋಗುವ ಜಾಗ ಅದು. ಆ ವಾರ ನನಗೆ ನಿದ್ದೆ ಬರಲಿಲ್ಲ.

ಕಾಮಗಾರಿಯ ಅಂದಾಜು ಪಟ್ಟಿ ತೋರಿಸಿ ಅಂತ ಕಚೇರಿಗೆ ಹೋದೆ. ‘ಅದು ನಿಮಗೆ ಸಂಬಂಧಪಟ್ಟಿದ್ದಲ್ಲ ಯಜಮಾನ್ರೇ’ ಅಂದರು. ಕೆರೆ ನನಗೆ ಸಂಬಂಧಪಟ್ಟಿದ್ದಲ್ಲ ಎಂದು 70 ವರ್ಷದಲ್ಲಿ ಮೊದಲ ಸಲ ಒಬ್ಬರು ಹೇಳಿದ್ದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದಲ್ಲಿ ಕೊಡಬೇಕಾದ ಉತ್ತರ ನಾಲ್ಕು ತಿಂಗಳಿಗೆ ಬಂತು. ಕಾಮಗಾರಿ ಮುಗಿದಿದೆ, ಬಿಲ್ ಪಾವತಿಯಾಗಿದೆ, ಗ್ರಾಮಸ್ಥರ ಸಹಕಾರ ಇತ್ತು ಎಂದು ಮೂರು ಸಾಲು. ಮಣ್ಣು ಎಲ್ಲಿಗೆ ಹೋಯಿತು ಎನ್ನುವ ನನ್ನ ಪ್ರಶ್ನೆಗೆ ಉತ್ತರವೇ ಇರಲಿಲ್ಲ.

40 ಹೆಕ್ಟೇರ್‌ಗಿಂತ ಕಮ್ಮಿ ಅಚ್ಚುಕಟ್ಟಿನ, ಅಂದರೆ ಅಷ್ಟು ಜಮೀನಿಗೆ ನೀರುಣಿಸುವ, ಕೆರೆಗಳು ಜಿಲ್ಲಾ ಪಂಚಾಯಿತಿಗೆ ಸೇರುತ್ತವೆ. ನಮ್ಮದು ಅಂಥದ್ದೇ. ಹಿಂದೆ ಆಗಿದ್ದರೆ ನಾಲ್ಕು ಜನ ಕೂಡಿಕೊಂಡು ಬೆಳಿಗ್ಗೆ ಆರಕ್ಕೆ ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆ ಜಗುಲಿ ಮೇಲೆ ಕೂರುತ್ತಿದ್ದೆವು. ಅವರು ನಮಗೆ ಇಷ್ಟವಾದವರೋ ಅಲ್ಲವೋ, ಮತ ಕೇಳಲು ಮತ್ತೆ ಬರಬೇಕಲ್ವಾ? ಆ ಅಂಜಿಕೆ ಇರುತ್ತಿತ್ತು. ಆದರೆ ಈ ಕಾಮಗಾರಿಯ ಹೊತ್ತಿಗೆ ಯಾರ ಜಗುಲಿಗೆ ಹೋಗುವುದು? ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಅದಕ್ಕೆ ಮೊದಲು ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳು ಬಂದು ಕೂತರು.

ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಒಮ್ಮೆ ಕ್ಷೇತ್ರ ಮರುವಿಂಗಡಣೆ ಅಂದರು, ಒಮ್ಮೆ ಮೀಸಲಾತಿ ಪಟ್ಟಿ ಅಂದರು, ಒಮ್ಮೆ ವಿಷಯ ಕೋರ್ಟಿನಲ್ಲಿದೆ ಅಂದರು. 2021ರಲ್ಲಿ ಬಿಜೆಪಿ ಸರ್ಕಾರ ಇತ್ತು, 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಈ ಒಂದು ವಿಷಯದಲ್ಲಿ ಇಬ್ಬರಿಗೂ ಅವಸರ ಇರಲಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಇಲ್ಲದಿದ್ದರೆ ಊರಿನ ಪ್ರತಿ ಕೆಲಸಕ್ಕೂ ಶಾಸಕರ ಬಾಗಿಲಿಗೇ ಹೋಗಬೇಕು. ಹಾಗಿರುವುದು ಯಾರಿಗೆ ಅನುಕೂಲ ಎಂದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು.

ಪಂಚಾಯತ್ ರಾಜ್ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮೊದಲೇ, 1987ರಲ್ಲಿ, ಇಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಗಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಮಂತ್ರಿ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂದರು. ಆಗ ನನ್ನ ಮತ ಅವರ ಪಕ್ಷಕ್ಕೆ ಬಿದ್ದಿರಲಿಲ್ಲ. ಆದರೂ ಊರಿನ ವಿಷಯ ಊರಿನವರೇ ತೀರ್ಮಾನಿಸಲಿ ಎನ್ನುವ ಅವರ ಮಾತಿನಲ್ಲಿ ನಮ್ಮ ಅರಳಿಕಟ್ಟೆಯ ಸಭೆ ನನಗೆ ಕಂಡಿತ್ತು. ಈ ಸಲ ಎಲ್ಲರಿಗೂ ಕಟ್ಟೆಯ ಮೇಲೆ ಜಾಗ ಇತ್ತು.

ತಪ್ಪು ಸರ್ಕಾರದ್ದು ಮಾತ್ರ ಅಲ್ಲ. ವರ್ಷಕ್ಕೆ ಕನಿಷ್ಠ ಎರಡು ಗ್ರಾಮಸಭೆ ನಡೆಯಬೇಕು ಅಂತ ಕಾಯ್ದೆಯಲ್ಲಿದೆ. ಹಿಂದಿನ ಗ್ರಾಮಸಭೆಯಲ್ಲಿ ನಾನು ತಲೆ ಎಣಿಸಿದೆ. 27 ಜನ. ಅದರಲ್ಲಿ ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಸೇರಿ ಹತ್ತು ಜನ ಬರಲೇಬೇಕಾಗಿದ್ದವರು. ಅದೇ ಹೊತ್ತಿಗೆ ನಮ್ಮ ಹಿರಿಯರೆಲ್ಲ ಮನೆಯಲ್ಲಿ ಕೂತು ಟಿವಿಯಲ್ಲಿ ದೆಹಲಿಯ ಚರ್ಚೆ ನೋಡುತ್ತಿದ್ದರು. ಸಂಸ್ಕೃತಿ ಹಾಳಾಯಿತು ಎಂದು ಗಟ್ಟಿಯಾಗಿ ಮಾತಾಡುವವರೂ ಅವರೇ. ನಾನೂ ಎಷ್ಟೋ ವರ್ಷ ಹಾಗೇ ಇದ್ದೆ.

2022ರಲ್ಲಿ ಕೆರೆ ತುಂಬಿ ಕೋಡಿ ಬಿದ್ದಾಗ ಬಾಗಿನ ಬಿಟ್ಟರು. ಹಿಂದೆ ಬಾಗಿನ ಅಂದರೆ ಮುತ್ತೈದೆಯರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಗಂಗಮ್ಮನಿಗೆ ಕೈ ಮುಗಿಯುತ್ತಿದ್ದರು. ಊರಿನ ಎಲ್ಲ ಮನೆಯವರೂ ಏರಿ ಮೇಲೆ ಇರುತ್ತಿದ್ದರು. ಆ ಸಲ ಏರಿಯ ಉದ್ದಕ್ಕೂ ಫ್ಲೆಕ್ಸ್, ಡಿಜೆ. ಬಾಗಿನ ಬಿಟ್ಟ ಕಾರುಗಳು ಹತ್ತು ನಿಮಿಷದಲ್ಲಿ ಹೊರಟವು. ಹೆಂಗಸರು ಆಮೇಲೆ ಬಂದು ತಮ್ಮ ಪೂಜೆ ತಾವು ಮಾಡಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ನಿಷೇಧ ಇರುವ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗಣೇಶನನ್ನು ಅದೇ ನೀರಿಗೆ ಬಿಟ್ಟರು. ಇದೇ ಕೆರೆಯ ಜೇಡಿಮಣ್ಣಿನಲ್ಲಿ ಗಣಪತಿ ಮಾಡಿ, ಇದೇ ಕೆರೆಗೆ ಬಿಡುತ್ತಿದ್ದ ಊರು ನಮ್ಮದು. ಇದು ಸಂಪ್ರದಾಯ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗಲೆಲ್ಲ ನನಗೆ ಒಂದು ವಿಷಯ ನೆನಪಾಗುತ್ತದೆ. ಆ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂದಿದೆ. ಅಲ್ಲೂ ಒಂದು ಕಾಲದಲ್ಲಿ ತೂಬು ಎತ್ತುವವನೊಬ್ಬ ಇದ್ದಿರಬೇಕು. ಅವನು ಹೋದ ದಿನ ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ.

ಸರ್ಕಾರವನ್ನು ನಾನು ಕೇಳುವುದು ಜಾಸ್ತಿ ಏನಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಇನ್ನು ಯಾವತ್ತೂ ಹೀಗೆ ಸದಸ್ಯರಿಲ್ಲದೆ ಇರಬಾರದು, ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಕೆರೆಯ ಯಾವ ಕಾಮಗಾರಿಯೇ ಇರಲಿ, ಶುರುವಾಗುವ ಮೊದಲು ಅದರ ಅಂದಾಜು ಪಟ್ಟಿಯನ್ನು ಏರಿ ಮೇಲೆ ನಿಂತು ಊರಿನವರ ಮುಂದೆ ಓದಲಿ. ಎಷ್ಟು ಲೋಡ್, ಎಲ್ಲಿಂದ, ಎಲ್ಲಿಗೆ ಅಂತ ಹೇಳಲಿ. ಹೂಳು ಮೊದಲು ಆ ಊರಿನ ಹೊಲಗಳಿಗೆ ಹೋಗಲಿ. ಮತ್ತೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಬೇಕು. ಸಂಬಳ ಕೊಟ್ಟು ನೇಮಿಸಲಿ, ಜಾತಿ ನೋಡದೆ, ಹೆಂಗಸಾದರೂ ಸರಿ, ಗಂಡಸಾದರೂ ಸರಿ. ತೂಬಿನ ಕೆಲಸ ಬಲ್ಲವರಾಗಿರಲಿ.

ಊರಿನವರು ಸುಮ್ನೆ ಕೂತಿಲ್ಲ. ಎರಡು ಭಾನುವಾರದಿಂದ ಏರಿ ಮೇಲೆ ಬೆಳೆದ ಜಾಲಿ ಕಡಿಯುತ್ತಿದ್ದೇವೆ. ಜಾಲಿಯ ಬೇರು ಏರಿಯೊಳಗೆ ಇಳಿದರೆ ನೀರು ಜಿನುಗುತ್ತದೆ. ಮೊದಲ ವಾರ 11 ಜನ ಇದ್ದೆವು, ಎರಡನೇ ವಾರ 19. ಹಳೆಯ ನೀರುಗಂಟಿಯ ಮೊಮ್ಮಗ ತುಮಕೂರಿನಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ಅವನೂ ಬೈಕಿನಲ್ಲಿ ಬಂದಿದ್ದ. ತೂಬಿನ ಕಲ್ಲು ಎಲ್ಲಿ ಸರಿದಿದೆ ಅಂತ ನೋಡಿದ ಕೂಡಲೇ ಹೇಳಿದ. ಅಜ್ಜ ತೋರಿಸಿಕೊಟ್ಟಿದ್ದನಂತೆ. ಕೆಲಸ ಮುಗಿದ ಮೇಲೆ ಅರಳಿಕಟ್ಟೆಗೆ ಬಂದೆವು. ಅವನು ಕೆಳಗೇ ನಿಂತ. ನಾನು ಕೈ ಹಿಡಿದು ಮೇಲೆ ಕರೆದೆ. ಎಲ್ಲರೂ ಒಟ್ಟಿಗೆ ಕೂತು ಪುರಿ ತಿಂದೆವು.

ಮುಂದಿನ ಭಾನುವಾರ ಕೋಡಿ ಕಡೆಯ ಜಾಲಿ ಕಡಿಯುವುದಿದೆ. ಪತ್ರ ಬರೆದ ಆ ಯುವಕರು ನಮ್ಮ ಕಡೆಯವರೇ ಆಗಿದ್ದರೆ ದಯವಿಟ್ಟು ಬರಲಿ. ಮಚ್ಚು, ಗುದ್ದಲಿ ನಾವು ಕೊಡುತ್ತೇವೆ.

ಇಂತಿ ನಿಮ್ಮ ಓದುಗ,
ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್,
ತುಮಕೂರು ಜಿಲ್ಲೆ