ಬಸು, ತಂಗಿ ಪ್ಯಾಂಟಿನ ವಿಚಾರಕ್ಕ

ಬಸು, ಆರಾಮ ಅದೀ ಅನ್ಕೊಂಡೀನಿ. ಇಲ್ಲಿ ಬಳ್ಳಾರಿ ಕೌಲ್ ಬಜಾರ್‌ನಾಗ ನಾವೆಲ್ಲಾ ಚೆನ್ನಾಗಿದೀವಿ, ಬಿಸಿಲೊಂದು ಬಿಟ್ರ. ನಿನ್ನೆ ಫ್ಯಾಮಿಲಿ ಗ್ರೂಪ್‌ನಾಗ ನೀನು ತಂಗಿಗೆ ಹಾಕಿದ ಮೆಸೇಜ್ ನೋಡಿದೆ, ಜೀನ್ಸ್ ಹಾಕ್ಕೊಂಡು ಪ್ಲಾಂಟ್ ಟ್ರೈನಿಂಗಿಗೆ ಹೋದ್ರ ಮನಿ ಮರ್ಯಾದಿ ಏನಾಗ್ಬೇಕು, ನಮ್ಮ ಸಂಸ್ಕೃತಿ ಅಂತ ಒಂದೈತಿ, ಅದೂ ಇದೂ. ಅಲ್ಲೇ ಉತ್ತರ ಕೊಟ್ರ ನಾಲ್ಕು ಮಂದಿ ಮುಂದ ನಿಂಗ ಮುಜುಗರ, ಅದಕ್ಕ ನಿಂಗೊಬ್ಬಂಗ ಬರೀತಿದೀನಿ.

ನಿನ್ನ ಕಾಲೇಜ್ ಫೀಸು ಯಾವುದರಿಂದ ಬಂತಪಾ? ನಾನು, ನಿಮ್ಮಪ್ಪ ಜೀನ್ಸ್ ಕಟಿಂಗ್ ಮಾಡಿ, ಹೊಲಿದು. ಊರ ಹೆಣ್ಣುಮಕ್ಕಳು ಹಾಕ್ಕೊಳ್ಳಲಿ, ನಮ್ಮ ಮನಿ ಹುಡುಗಿ ಮಾತ್ರ ಬ್ಯಾಡ ಅಂದ್ರ ಹೆಂಗ?

ಹೈದರಾಬಾದ್ ನಿಜಾಮ ಬಳ್ಳಾರಿನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದು 1800ರಾಗ. ಆಮೇಲ ಇಲ್ಲಿ ದಂಡು ಬಂದು ಕೂತಿತು, ದಂಡಿನ ಯೂನಿಫಾರಂ ಹೊಲಿಯಾಕ ಮರಾಠಿ ಕಡೆಯ ದರ್ಜಿಗಳು ಬಂದ್ರು, ಅವರ ಕೈಯಿಂದಲೇ ಮುಂದ ಈ ಜೀನ್ಸ್ ಧಂದೆ ಬೆಳೀತು ಅಂತ ನಮ್ಮ ಹಿರಿಯರು ಹೇಳ್ತಿದ್ರು. ಆಗ ಮೊದಲು ಬದಲಾಗಿದ್ದು ಗಂಡಸರ ಬಟ್ಟಿ. ಕಚೇರಿ ಗುಮಾಸ್ತರು, ವಕೀಲರು ಪಂಚೆ ಮ್ಯಾಲೆ ಕೋಟು ಹಾಕ್ಕೊಂಡ್ರು, ಆಮೇಲ ಪ್ಯಾಂಟು ಬೂಟು ಬಂತು, ಜುಟ್ಟು ಹೋಗಿ ಕ್ರಾಪು ಬಂತು. ಮನಿಯಾಗ ಒಂದೀಟು ಗೊಣಗಿರಬಹುದು, ಆದ್ರ ಸಂಬಳ ಬಂದ ಮ್ಯಾಲೆ ಎಲ್ಲಾರು ಸುಮ್ನಾದ್ರು. ಅವರು ಕಳಚಿಟ್ಟ ಸಂಸ್ಕೃತಿನೆಲ್ಲಾ ಹೊರೋ ಕೆಲಸ ಮಾತ್ರ ಹೆಂಗಸರ ಸೆರಗಿಗೆ ಬಿತ್ತು.

ಆ ಸೆರಗಾದ್ರೂ ಹಳೇದಾ? ನಿಮ್ಮಜ್ಜಿ ಕಡೀತನಕ ಇಳಕಲ್ ಸೀರಿ ಕಚ್ಚಿ ಹಾಕಿ ಉಟ್ಟಾಕಿ, ಒಳಲಂಗ ಅಂದ್ರ ನಗ್ತಿದ್ಲು. ಈಗ ನೀನು ಸಂಪ್ರದಾಯ ಅನ್ನೋ ಒಳಲಂಗ, ಬ್ಲೌಸು, ಎಡಗಡೆ ಸೆರಗು, ಈ ರೂಪ ಹಬ್ಬಿದ್ದರಾಗ ಬ್ರಿಟಿಷರ ಕಾಲದ ಬಾಂಬೆಗೆ ದೊಡ್ಡ ಪಾಲೈತಿ. ಬ್ರಿಟಿಷರ ಐಸಿಎಸ್ ನೌಕರಿಗೆ ಸೇರಿದ ಮೊದಲ ಭಾರತೀಯ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರ್ ಇದ್ರಲ್ಲ, ಅವರ ಹೆಂಡ್ತಿ ಜ್ಞಾನದಾನಂದಿನಿ ದೇವಿ 1860ರ ದಶಕದಾಗ ಗಂಡನ ಜೋಡಿ ಬಾಂಬೆಗೆ ಹೋದಾಗ ಪಾರ್ಸಿ ಹೆಂಗಸರು ಉಡೋದು ನೋಡಿ ತಮಗೆ ಬೇಕಾದಂಗ ತಿದ್ದಿಕೊಂಡು ಬಂಗಾಳಕ್ಕ ಒಯ್ದ್ರು. ಮನಿ ಬಿಟ್ಟು ಹೊರಗ ಓಡಾಡಬೇಕಾಗಿತ್ತು, ಅದಕ್ಕ ತಕ್ಕ ಉಡುಪು ಬೇಕಾಗಿತ್ತು, ಅಷ್ಟೇ. ನಿನ್ನ ತಂಗಿಗೂ ಅಷ್ಟೇ ಬೇಕಾಗಿರೋದು.

ಇನ್ನ ನಾಟಕದ ಮಾತು. ಮಹಾರಾಷ್ಟ್ರದಾಗ ಹೆಣ್ಣಿನ ಪಾತ್ರ ಮಾಡ್ತಿದ್ದ ನಟ ಬಾಲಗಂಧರ್ವ ಸೀರಿ ಉಟ್ಟು ಸ್ಟೇಜ್ ಮ್ಯಾಲೆ ಬಂದ್ರ ಅದನ್ನ ನೋಡಿ ಹೆಂಗಸರು ಸೀರಿ ಉಡೋದು ಕಲೀತಿದ್ರಂತ, ಒಬ್ಬ ಗಂಡಸಿನಿಂದ! ಗಂಡಸು ಸೀರಿ ಉಟ್ರ ಕಲಾ, ಚಪ್ಪಾಳೆ. ಹೆಣ್ಣು ತಾನೇ ತನ್ನ ಪಾತ್ರ ಮಾಡ್ತೀನಿ ಅಂದ್ರ ಮಾತ್ರ ಮಾನ ಹೋಗ್ತಿತ್ತು. ನಮ್ಮೂರ ನಾಟಕದ ನಟ ಬಳ್ಳಾರಿ ರಾಘವ ಅವರು ವಕೀಲರಾಗಿದ್ದುಕೊಂಡೇ ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡ್ಬೇಕು ಅಂತ ಹಠ ಹಿಡಿದ್ರು. ನೀನು ಗೆಳೆಯರ ಜೋಡಿ ರಾಘವ ಕಲಾಮಂದಿರಕ್ಕ ಹೋಗಿ ಸೆಲ್ಫಿ ಹಾಕ್ತೀ, ಅದು ಯಾರ ಹೆಸರು ಅಂತ ಒಂದ್ಸಲ ವಿಚಾರ ಮಾಡು. ಗಾಂಧೀಜಿ 1921ರ ಸೆಪ್ಟೆಂಬರ್‌ನಾಗ ಮಧುರೈಯಲ್ಲಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ರು, ಅದನ್ನ ತ್ಯಾಗ ಅಂದ್ವಿ, ಸರಿನೇ. ಗಂಡಸು ಬಟ್ಟಿ ಬಿಟ್ರೂ ದೊಡ್ಡವ, ಹಾಕ್ಕೊಂಡ್ರೂ ದೊಡ್ಡವ.

ಜೀನ್ಸ್ ಹಾಕಿದ ಕೂಡ್ಲೇ ಬುದ್ಧಿ ಬರ್ತತಿ, ಸ್ವಾತಂತ್ರ್ಯ ಬರ್ತತಿ ಅಂತ ನಾ ಹೇಳಂಗಿಲ್ಲ, ಅದು ನಮ್ಮ ಮಾಲು, ಅದರ ಹಣೆಬರ ನಂಗ ಗೊತ್ತು. ಆದ್ರ ಆಕಿ ಹೋಗೋ ತೋರಣಗಲ್ ಕಡೆ ಪ್ಲಾಂಟ್‌ನಾಗ ತಿರುಗೋ ಮಷೀನ್ ಹತ್ರ ದುಪಟ್ಟಾ ಹಾರಾಡಿದ್ರ ಏನಾಗ್ತತಿ ಅಂತ ನೀನೂ ಡಿಪ್ಲೊಮಾ ಓದಿದವನು, ನಿಂಗ ನಾ ಹೇಳ್ಬೇಕಾ? ಊರ ಮಂದಿ ಏನಾರ ಅಂದ್ರ ನನ್ನ ಹತ್ರ ಕಳಸು, ನಾ ಮಾತಾಡ್ತೀನಿ.

ನಂಗ ಸಿಟ್ಟಿರೋದು ಬ್ಯಾರೆ ವಿಷಯಕ್ಕ. ಲೇಡೀಸ್ ಪ್ಯಾಟರ್ನ್‌ನಾಗ ಮುಂದಿನ ಜೇಬು ನಾಲ್ಕು ಬೆರಳು ಇಳಿದ್ರ ಹೆಚ್ಚು, ಕೆಲವಕ್ಕ ಬರೀ ಹೊಲಿಗಿ ಗೆರಿ, ಕೈ ಹಾಕಿದ್ರ ಒಳಗ ಏನೂ ಇಲ್ಲ. ಟೂಲು, ಫೋನು ಇಟ್ಕೊಳ್ಳೋ ಹುಡುಗಿಗೆ ಅದು ಯಾವ ಕೆಲಸಕ್ಕ ಬರ್ತತಿ? ಜೆಂಟ್ಸ್ ಜೇಬಿನ ಅಳತಿ ಇಟ್ಟು ಆಕಿಗೆ ಎರಡು ಪ್ಯಾಂಟ್ ಹೊಲೀಬೇಕು ಅಂತ ಬಟ್ಟಿ ತೆಗೆದಿಟ್ಟೀನಿ. ಆಕಿಗೆ ಫೋನ್ ಮಾಡು, ಗ್ರೂಪ್‌ನಾಗಿನ ಮೆಸೇಜ್ ತೆಗಿ, ಸೊಂಟ ಮತ್ತ ಉದ್ದದ ಅಳತಿ ಕೇಳ್ಕೊಂಡು ಶುಕ್ರವಾರದೊಳಗ ನಂಗ ಕಳಸು, ಶನಿವಾರ ಕಟಿಂಗ್ ಐತಿ.

ನಿನ್ನ ದೊಡ್ಡಪ್ಪ