ಗೆಳೆಯನಿಗೊಂದು ಪತ್ರ: ಮಾಲೆ ತೆಗೀಬೇಡ ಕಣೋ

ಲೋ,

ಹಾಗೆ ಕರೆಯಬಾರದು, ಗೊತ್ತು. ಶಬರಿಮಲೆಗೆ ಮಾಲೆ ಹಾಕಿದವನನ್ನು ಸ್ವಾಮಿ ಅಂತಲೇ ಕರೆಯಬೇಕು. ಆದರೆ ಹೈಸ್ಕೂಲಿನಿಂದ ಲೋ ಅಂದು ರೂಢಿಯಾದ ಬಾಯಿ, 41 ದಿನದ ಮಟ್ಟಿಗೆ ಅಂತ ಹೇಳಿದರೆ ಕೇಳುತ್ತಿಲ್ಲ.

ನಿನ್ನ ಮೆಸೇಜು ರಾತ್ರಿ ಒಂದೂವರೆಗೆ ಬಂದಿದೆ, ನಾನು ನೋಡಿದ್ದು ಬೆಳಗ್ಗೆ. ಫೋನ್ ಮಾಡೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ಫೋನಿನಲ್ಲಾದರೆ ನೀನು "ಬಿಡು ಗುರು" ಅಂತೀಯ, ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

19ನೇ ದಿನ. ಮಗ ಮಗ್ಗಿ ತಪ್ಪು ಹೇಳಿದ, ಎರಡನೇ ಸಲವೂ ತಪ್ಪು ಹೇಳಿದ, ನೀನು ಕೆನ್ನೆಗೆ ಹೊಡೆದೆ. ಆಮೇಲೆ ಕನ್ನಡಿಯಲ್ಲಿ ಆ ಕಪ್ಪು ಬಟ್ಟೆ, ಹಣೆಯ ಗಂಧ, ಕೊರಳಿನ ತುಳಸಿ ಮಾಲೆ ನೋಡಿಕೊಂಡು ನಿನ್ನ ಮೇಲೆ ನಿನಗೇ ಹೇಸಿಗೆ ಆಯಿತು. "ನಾನು ಡೋಂಗಿ. ನಾಳೆ ಮಾಲೆ ತೆಗೆದುಬಿಡ್ತೀನಿ, ಅಯ್ಯಪ್ಪನಿಗೆ ಮೋಸ ಮಾಡೋದು ಬೇಡ" ಅಂತ ಬರೆದಿದ್ದೀಯ. ಆ ಮೆಸೇಜನ್ನು ನಾಲ್ಕು ಸಲ ಓದಿದೆ ಕಣೋ. ಅದರಲ್ಲಿ ಮಾಲೆ ಅನ್ನುವ ಮಾತು ಆರು ಸಲ ಬಂದಿದೆ. ಹುಡುಗ ಎಷ್ಟು ಹೊತ್ತು ಅತ್ತ, ಊಟ ಮಾಡಿದನಾ, ಯಾರ ಪಕ್ಕ ಮಲಗಿದ, ಅದು ಒಂದು ಸಲವೂ ಬಂದಿಲ್ಲ.

ಬೇಜಾರು ಮಾಡ್ಕೋಬೇಡ. 2019ರಲ್ಲಿ ನಾನು ಮೊದಲ ಸಲ ಮಾಲೆ ಹಾಕಿದಾಗ ಇದೇ ಗುಂಡಿಗೆ ಬಿದ್ದಿದ್ದೆ. ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

ಆ ವರ್ಷ ನನ್ನ ಕಟ್ಟುನಿಟ್ಟು ನೀನು ನೋಡಬೇಕಿತ್ತು. ಬೆಳಗ್ಗೆ ನಾಲ್ಕೂವರೆಗೆ ಏಳುವುದು, ಡಿಸೆಂಬರ್ ಚಳಿಯಲ್ಲಿ ತಣ್ಣೀರು ಸ್ನಾನ, ಬರಿಗಾಲು, ನೆಲದ ಮೇಲೆ ಚಾಪೆ, ಆಫೀಸಿಗೂ ಕಪ್ಪು ಬಟ್ಟೆ. ಗೇಟಿನ ಸೆಕ್ಯೂರಿಟಿಯವನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರೂ ಸ್ವಾಮಿ, ಸ್ವಾಮಿ. ನಿಜ ಹೇಳಲಾ, ಅದು ಬಹಳ ಹಿತವಾಗಿತ್ತು. ನಾಲ್ಕನೇ ದಿನಕ್ಕೇ ನಾನು ಬೇರೆ ಮನುಷ್ಯ ಆಗಿಬಿಟ್ಟೆ ಅನ್ನಿಸಿತ್ತು. ಯಾರಾದರೂ ಪಕ್ಕದಲ್ಲಿ ಸಿಗರೇಟು ಹಚ್ಚಿದರೆ ಅವನ ಮೇಲೆ ಒಂದು ಥರ ಕರುಣೆ ಬರುತ್ತಿತ್ತು, ಹೋದ ತಿಂಗಳು ನಾನೇ ಅವನ ಹತ್ತಿರ ಬೆಂಕಿಪೊಟ್ಟಣ ಕೇಳಿದ್ದು ಮರೆತು.

ನಾಲ್ಕೂವರೆಗೆ ಏಳುತ್ತಿದ್ದೆ ಅಂದೆನಲ್ಲ, ನನ್ನ ಹೆಂಡತಿ ನಾಲ್ಕಕ್ಕೇ ಏಳುತ್ತಿದ್ದಳು. ಸ್ನಾನ ಮಾಡಿ, ಒಲೆ ಒರೆಸಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಮಾಡಿ, ನನ್ನ ಪಾತ್ರೆ ಬೇರೆ ಇಟ್ಟು, ಆಮೇಲೆ ತನ್ನ ಕೆಲಸಕ್ಕೆ ಬಸ್ಸು ಹಿಡಿಯುತ್ತಿದ್ದಳು. ಮುಟ್ಟಾದಾಗ ನಾಲ್ಕು ದಿನ ತಂಗಿಯ ಮನೆಗೆ ಹೋಗಿದ್ದಳು, ಅಲ್ಲಿಂದ ಅವಳ ಆಫೀಸಿಗೆ ಎರಡು ಬಸ್ಸು ಬದಲಿಸಬೇಕು. ನಾನು ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನೋಡು, ವ್ರತ ಅಂತ ಯಾರಾದರೂ ಮಾಡಿದ್ದರೆ ಆ ಮನೆಯಲ್ಲಿ ಅವಳೇ ಮಾಡಿದ್ದು. ಅವಳನ್ನು ಮಾತ್ರ ಯಾರೂ ಸ್ವಾಮಿ ಅನ್ನಲಿಲ್ಲ.

23ನೇ ದಿನ ರಾತ್ರಿ ಬೀನ್ಸ್ ಪಲ್ಯಕ್ಕೆ ಕೈ ತಪ್ಪಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದಿತ್ತು. ಹದಿನಾಲ್ಕು ವರ್ಷದ ಅಭ್ಯಾಸ, ಕೈಗೇನು ಗೊತ್ತು ಪಾಪ. ನಾನು ತಟ್ಟೆ ತಳ್ಳಿದೆ. ಅದು ಜಾರಿ ಗೋಡೆಗೆ ಹೋಗಿ ಬಡಿಯಿತು. "ಇಷ್ಟೂ ಮಡಿ ಉಳಿಸಿಕೊಡೋಕೆ ಆಗಲ್ವಾ ನಿನಗೆ" ಅಂತ ಕಿರುಚಿದ್ದು ಪಕ್ಕದ ಮನೆಗೂ ಕೇಳಿರಬೇಕು. ಅವಳು ಒಂದು ಮಾತೂ ಆಡಲಿಲ್ಲ. ನೆಲ ಒರೆಸಿದಳು, ಮತ್ತೆ ಕುಕ್ಕರ್ ಇಟ್ಟಳು, ಅನ್ನ ಮೊಸರು ಕಲಸಿಟ್ಟು, ಬಾಗಿಲ ಹತ್ತಿರ ಬಂದು "ಸ್ವಾಮಿ, ಊಟಕ್ಕೆ ಬನ್ನಿ" ಅಂದಳು.

ಅದರಲ್ಲಿ ವ್ಯಂಗ್ಯ ಇರಲಿಲ್ಲ ಕಣೋ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ರಾತ್ರಿಯೇ ನಮ್ಮ ಗುಂಪಿನ ಹಿರಿಯರು, ಗುರುಸ್ವಾಮಿ ಹತ್ತಿರ ಹೋದೆ. ಅವರು ಸರ್ಕಾರಿ ಬಸ್ಸು ಓಡಿಸಿ ರಿಟೈರ್ ಆದವರು. 18ನೇ ವರ್ಷ ಪದ್ಧತಿಯ ಪ್ರಕಾರ ತೆಂಗಿನ ಸಸಿ ಹೊತ್ತುಕೊಂಡು ಹೋಗಿ ಬಂದು, ಆಮೇಲೂ ಬಿಡದೆ ಹೋಗುತ್ತಿದ್ದವರು. ನಾನು ನಿನ್ನ ಥರವೇ ಶುರು ಮಾಡಿದೆ, ನನಗೆ ಯೋಗ್ಯತೆ ಇಲ್ಲ, ಮಾಲೆ ತೆಗೆದುಬಿಡಿ ಅಂತ. ಅವರು ಟಿವಿ ಸೌಂಡು ಕಮ್ಮಿ ಮಾಡಿ ಕೇಳಿಸಿಕೊಂಡರು, ಪೂರ್ತಿ ಆಫ್ ಮಾಡಲಿಲ್ಲ.

"ಮಾಲೆ ಮಧ್ಯದಲ್ಲಿ ತೆಗೆಯೋದು ಸೂತಕ ಬಂದ್ರೆ ಸ್ವಾಮಿ. ಕೋಪ ಬಂದ್ರೆ ತೆಗೆಯೋ ಹಂಗಿದ್ರೆ ನಾನು ದಿನಾ ಮೂರು ಸಲ ತೆಗೆದು ಹಾಕ್ಬೇಕಿತ್ತು" ಅಂದರು. ಆಮೇಲೆ, ಶರಣು ಹೇಳಿ ಮುಗಿಸುವಾಗ ಕೊನೆಗೆ ಏನು ಹೇಳುತ್ತೀವಿ ಹೇಳಿ ನೋಡೋಣ ಅಂದರು. ನನಗೆ ಬಾಯಿಪಾಠ ಇತ್ತು, ಗಡಗಡ ಅಂತ ಹೇಳಿದೆ. ನಿಧಾನ ಹೇಳಿ ಅಂದರು. ಮತ್ತೆ ಹೇಳಿದೆ. ತಿಳಿದೋ ತಿಳಿಯದೆಯೋ ಮಾಡಿದ ಸಕಲ ತಪ್ಪುಗಳನ್ನೂ ಕ್ಷಮಿಸಿ ಕಾಪಾಡಬೇಕು, ಹದಿನೆಂಟು ಮೆಟ್ಟಿಲ ಒಡೆಯನೇ...

"ಅದನ್ನ ಯಾರು ಹೇಳ್ಬೇಕು? ಮಾಲೆ ಹಾಕಿದವರಾ, ಹಾಕದೇ ಇರೋರಾ?"

ನನಗೆ ಆ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. ದಿನಾ ಸಂಜೆ, ಕರ್ಪೂರ ಹಚ್ಚಿ, ಹತ್ತಾರು ಜನ ಸ್ವಾಮಿಗಳು ಒಟ್ಟಿಗೆ ನಿಂತು ಆ ಮಾತು ಹೇಳುತ್ತೇವೆ. 41 ದಿನವೂ ಹೇಳುತ್ತೇವೆ, ಒಂದು ದಿನ ಬಿಡದೆ. ತಪ್ಪೇ ಆಗಬಾರದು ಅನ್ನುವ ವ್ರತವಾಗಿದ್ದರೆ ಆ ಸಾಲು ಯಾಕೆ ಬೇಕಿತ್ತು? ಅದನ್ನು ಇಟ್ಟವರಿಗೆ ನಮ್ಮಂಥವರ ಪರಿಚಯ ಚೆನ್ನಾಗಿ ಇತ್ತು. ಇವತ್ತು ಸಂಜೆ ಹೊತ್ತಿಗೆ ಈ ಸ್ವಾಮಿ ಏನಾದರೂ ಎಡವಟ್ಟು ಮಾಡಿಯೇ ಇರುತ್ತಾನೆ ಅಂತ ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ಅದರಲ್ಲೂ "ತಿಳಿದೋ" ಅಂತಿದೆ ನೋಡು, ಬರೀ ತಿಳಿಯದೆ ಮಾಡಿದ್ದಲ್ಲ.

ಹಾಗಂತ ಹೊಡೆದು ಬಂದು ಶರಣು ಹೇಳಿದರೆ ಸರಿಹೋಯಿತು ಅಂತಲ್ಲ. ಗುರುಸ್ವಾಮಿ ಎದ್ದು ಬಾಗಿಲ ತನಕ ಬಂದು, "ನಾಳೆಯಿಂದ ನಿಮ್ಮ ತಟ್ಟೆ ನೀವೇ ತೊಳೀರಿ. ಅಡುಗೆಮನೆಗೆ ನಾಲ್ಕಕ್ಕೆ ನೀವು ಹೋಗಿ" ಅಂದರು. ಅಷ್ಟೇ. ಬೇರೆ ಪ್ರಾಯಶ್ಚಿತ್ತ ಹೇಳಲಿಲ್ಲ. ನಾನು ಯಾವುದಾದರೂ ದೇವಸ್ಥಾನದಲ್ಲಿ ನೂರೆಂಟು ಪ್ರದಕ್ಷಿಣೆ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಅದಾಗಿದ್ದರೆ ಸುಲಭ ಇತ್ತು.

ಇರುಮುಡಿ ಕಟ್ಟುವ ದಿನ ಇನ್ನೊಂದು ನಡೆಯಿತು. ನೀನು ಕನ್ನಿ ಸ್ವಾಮಿ, ಮೊದಲ ಸಲ ಮಾಲೆ ಹಾಕಿದವನು, ಇನ್ನೂ ನೋಡಿಲ್ಲ, ಹೇಳುತ್ತೇನೆ. ತೆಂಗಿನಕಾಯಿಯ ಕಣ್ಣು ತೂತು ಮಾಡಿ ನೀರು ಬಸಿದು ತುಪ್ಪ ತುಂಬಿಸುತ್ತಾರೆ. ಆ ಕಾಯಿ, ಮತ್ತೆ ಪೂಜೆಯ ಸಾಮಾನು ಮುಂದಿನ ಮುಡಿಗೆ. ಹಿಂದಿನ ಮುಡಿ ನಮ್ಮದು, ದಾರಿಯಲ್ಲಿ ನಮ್ಮ ಹೊಟ್ಟೆಗೆ ಬೇಕಾದ ಅಕ್ಕಿ, ಅವಲಕ್ಕಿ, ಬೆಲ್ಲ ಇಂಥವು. ಕಾಡಿನಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಕಾಲದ ಏರ್ಪಾಡು ಅದು, ಈಗ ಹೋಟೆಲಿನಲ್ಲಿ ದೋಸೆ ತಿಂದುಕೊಂಡು ಹೋಗುತ್ತೇವೆ, ಹಿಂದಿನ ಮುಡಿ ಹೆಸರಿಗಷ್ಟೇ ಇರುತ್ತದೆ. ಆದರೂ ಕಟ್ಟುತ್ತಾರೆ. ಇರುಮುಡಿ ಅಂದರೆ ಎರಡು ಮುಡಿ, ನಮ್ಮ ಇರ್ವರು, ಇಮ್ಮಡಿಯಲ್ಲಿ ಇರುವುದೂ ಅದೇ ಎರಡು. ದೇವರದ್ದೊಂದು ಗಂಟು, ಹೊಟ್ಟೆಯದ್ದೊಂದು ಗಂಟು, ಎರಡೂ ಒಂದೇ ಬಟ್ಟೆಯಲ್ಲಿ, ಒಂದೇ ತಲೆಯ ಮೇಲೆ. ಅದು ತಲೆಯ ಮೇಲಿದ್ದರೆ ಮಾತ್ರ ಹದಿನೆಂಟು ಮೆಟ್ಟಿಲು ಹತ್ತಲು ಬಿಡುತ್ತಾರೆ. ನನ್ನ ಮನೆಯ ನಾನು ಬೇರೆ, ಪೂಜೆಯ ನಾನು ಬೇರೆ ಅಂತ ಒಂದು ಗಂಟನ್ನು ಬೆಟ್ಟದ ಬುಡದ ಪಂಪೆಯಲ್ಲಿ ಬಿಟ್ಟು ಹತ್ತುವ ಹಾಗಿಲ್ಲ.

ಮನೆಯವರು ಬಂದು ಮುಡಿಗೆ ಮೂರು ಹಿಡಿ ಅಕ್ಕಿ ಹಾಕಬೇಕು. ನನ್ನ ಹೆಂಡತಿ ಬಂದು ಹಾಕಿದಳು. ನಾನು ತಟ್ಟೆ ತಳ್ಳಿದ್ದು ಅವಳ ಮುಖದಲ್ಲಿ ಇನ್ನೂ ಇತ್ತು, ಇಲ್ಲ ಅಂತ ಸುಳ್ಳು ಹೇಳಲಾರೆ. ಆದರೂ ಮೂರು ಹಿಡಿ ತುಂಬಾ ತುಂಬಾ ಹಾಕಿದಳು, ಒಂದು ಕಾಳೂ ಚೆಲ್ಲಲಿಲ್ಲ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿಲೋಮೀಟರ್ ಏರು. ನೀಲಿಮಲೆಯಲ್ಲಿ ಉಸಿರು ಸಿಕ್ಕಿಕೊಂಡಾಗೆಲ್ಲ ಆ ಅಕ್ಕಿಯ ಭಾರವೇ ನೆನಪಾಗುತ್ತಿತ್ತು.

ಮೇಲೆ ಹೋದರೆ ಎಲ್ಲರೂ ಸ್ವಾಮಿಗಳೇ ಅಲ್ವಾ, ಜಗಳವೂ ಸ್ವಾಮಿಗಳ ನಡುವೆಯೇ. "ಏನ್ ಸ್ವಾಮಿ, ತಳ್ತೀರಲ್ಲ", "ಸ್ವಾಮಿ, ಕಣ್ಣು ಕಾಣಲ್ವಾ ಸ್ವಾಮಿ". ನನ್ನ ಕಾಲು ತುಳಿದವನೊಬ್ಬನಿಗೆ ನಾನೂ ಹಾಗೇ ಬೈದೆ. ಬೈದ ಮೇಲೆ ನಗು ಬಂತು, ನಮ್ಮ ಮಾರ್ಕೆಟ್ಟಿನಲ್ಲಿ ಟೊಮೇಟೊ ರೇಟಿಗೆ ಜಗಳ ಆಡುವಾಗಲೂ "ಏನ್ ಸ್ವಾಮಿ" ಅಂತಲೇ ಶುರು ಮಾಡುತ್ತೀವಲ್ಲ, ಅದಕ್ಕೆ. ಯಾರು ಕಲಿಸಿದರೋ, ಬೈಯುವಾಗಲೂ ಎದುರಿನವನನ್ನು ಒಡೆಯ ಅಂತಲೇ ಕರೆಯುತ್ತೇವೆ.

ಹದಿನೆಂಟು ಮೆಟ್ಟಿಲಿಗೆ ಹಲವು ಥರ ಅರ್ಥ ಹೇಳುತ್ತಾರೆ. ಗುರುಸ್ವಾಮಿ ಹೇಳುತ್ತಿದ್ದ ಲೆಕ್ಕ ಇದು: ಮೊದಲ ಐದು ಇಂದ್ರಿಯಗಳು, ಆಮೇಲೆ ಕಾಮ ಕ್ರೋಧದಿಂದ ಹಿಡಿದು ಅಸೂಯೆ, ದಂಭದ ತನಕ ಎಂಟು, ಮೂರು ಗುಣ, ಕೊನೆಗೆ ವಿದ್ಯೆ, ಅವಿದ್ಯೆ. ಕ್ರೋಧದ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ಬೇಡಿಕೊಳ್ಳಬೇಕು ಅಂತ ಮನೆಯಿಂದಲೇ ಯೋಚನೆ ಮಾಡಿಕೊಂಡು ಹೋಗಿದ್ದೆ. ಎಲ್ಲಿ ನಿಲ್ಲೋದು! ಎರಡೂ ಕಡೆ ಪೊಲೀಸರು ನಿಂತು ರಟ್ಟೆ ಹಿಡಿದು ಮೇಲಕ್ಕೆ ಎಳೆದು ಬಿಸಾಡುತ್ತಾರೆ. ಕ್ರೋಧ ಯಾವಾಗ ದಾಟಿದೆನೋ ಗೊತ್ತೇ ಆಗಲಿಲ್ಲ. ನನ್ನ ಸ್ವಂತ ಶಕ್ತಿಯಿಂದ ದಾಟಿದ್ದಂತೂ ಅಲ್ಲ.

ಮೇಲೆ ತಲೆ ಎತ್ತಿದರೆ ತತ್ತ್ವಮಸಿ ಅಂತ ಬರೆದಿದೆ. ಅದೇ ನೀನು ಅಂತ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹೇಳುವ ಮಾತು ಅದು. ಹನ್ನೆರಡು ವರ್ಷ ಓದಿ ಮುಗಿಸಿ, ಎಲ್ಲ ಗೊತ್ತು ಅಂತ ಸೊಕ್ಕಿನಿಂದ ಮನೆಗೆ ಬಂದಿದ್ದ ಹುಡುಗ. ಅಂಥವನನ್ನು ಎದುರಿಗೆ ಕೂರಿಸಿಕೊಂಡೇ ಅಪ್ಪ ಅದೇ ನೀನು ಅನ್ನುತ್ತಾನೆ. ಸೊಕ್ಕು ಇಳಿಸಿಕೊಂಡು ಬಾ, ಆಮೇಲೆ ಹೇಳುತ್ತೇನೆ ಅನ್ನುವುದಿಲ್ಲ. ಒಂದು ಸಲಕ್ಕೆ ಅರ್ಥ ಆಗಲಿಲ್ಲ, ಇನ್ನೂ ತಿಳಿಸಿ ಅಂದ ಮಗ, ಇವನು ಮತ್ತೆ ಹೇಳಿದ, ಹೀಗೆ ಒಂಬತ್ತು ಸಲ. ಒಂಬತ್ತು ಸಲ! ಮಗ್ಗಿ ಎರಡನೇ ಸಲ ತಪ್ಪಿದಾಗ ನಿನ್ನ ಕೈ ಎದ್ದಿತಲ್ಲ, ಅದಕ್ಕೆ ಈ ಲೆಕ್ಕ ಹೇಳಿದೆ. ಚುಚ್ಚಬೇಕು ಅಂತಲೇ ಹೇಳಿದೆ.

ಈಗ ನಿನ್ನ ವಿಷಯ. ನಿನಗೆ ಕೋಪ ಬಂದಿದ್ದು ನನಗೆ ಅಷ್ಟು ದೊಡ್ಡದಾಗಿ ಕಾಣುತ್ತಿಲ್ಲ, ಅದು ನಿನಗೆ ಒಂಬತ್ತನೇ ಕ್ಲಾಸಿನಿಂದ ಇದೆ. ನನಗೆ ಹೆದರಿಕೆ ಆಗಿದ್ದು ಆಮೇಲೆ ಬಂದ ನಾಚಿಕೆ ನೋಡಿ. ಆ ನಾಚಿಕೆ ಹುಡುಗನ ಕೆನ್ನೆಯ ಬಗ್ಗೆ ಅಲ್ಲ, ನಿನ್ನ ಬಗ್ಗೆ ನೀನು ಇಟ್ಟುಕೊಂಡ ಚಿತ್ರದ ಬಗ್ಗೆ. ಮಾಲೆ ತೆಗೆದರೆ ಆ ಚಿತ್ರ ಉಳಿಯುತ್ತದೆ, ನೋಡಿ, ನಾನೆಷ್ಟು ಪ್ರಾಮಾಣಿಕ ಅಂದರೆ ಯೋಗ್ಯತೆ ಇಲ್ಲ ಅಂತ ನಾನೇ ತೆಗೆದೆ ಅನ್ನಬಹುದು. ಎಂಟು ವರ್ಷದ ಹುಡುಗನ ಮುಂದೆ ಕೂತು ತಪ್ಪಾಯಿತು ಅನ್ನುವುದಕ್ಕಿಂತ ಅದು ಸುಲಭ. ಗುರುಸ್ವಾಮಿಯ ಲೆಕ್ಕದಲ್ಲಿ ದಂಭದ ಮೆಟ್ಟಿಲು ಕ್ರೋಧಕ್ಕಿಂತ ಮೇಲಿದೆ, ಮರೀಬೇಡ.

ನಾನೇನೋ ಸುಧಾರಿಸಿಬಿಟ್ಟೆ ಅಂತ ಈ ಉಪದೇಶ ಅಲ್ಲಪ್ಪ. ಮಾಲೆ ತೆಗೆದ ವಾರವೇ ಸಿಗರೇಟು ವಾಪಸ್ ಬಂತು. ನಮ್ಮ ಗುಂಪಿನ ಇಬ್ಬರು ಮಾಲೆ ತೆಗೆದ ಸಂಜೆಯೇ ಬಾರಿಗೆ ಹೋದರು, ನಾನು ಹೋಗಲಿಲ್ಲ ಅಂತ ಒಳಗೊಳಗೇ ಹೆಮ್ಮೆಪಟ್ಟೆ, ಅದೂ ಒಂದು ರೋಗವೇ. ಕೋಪ ಈಗಲೂ ಬರುತ್ತದೆ. ಮೊದಲು ಬೈದ ಮೇಲೆ ಮೂರು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ, ಈಗ ಅರ್ಧ ಗಂಟೆಯಲ್ಲಿ ಎದ್ದು ಹೋಗಿ ಕಾಫಿ ಮಾಡಿಕೊಡುತ್ತೇನೆ. ಹೆಂಡತಿ ಆ ಕಾಫಿಯನ್ನು ಕೆಲವು ಸಲ ಕುಡಿಯುತ್ತಾಳೆ, ಕೆಲವು ಸಲ ಸಿಂಕಿಗೆ ಸುರಿಯುತ್ತಾಳೆ. ತಟ್ಟೆ ಮಾತ್ರ ಈಗಲೂ ನಾನೇ ತೊಳೆಯುತ್ತೇನೆ.

ಇನ್ನೊಂದು ತಮಾಷೆ ಕೇಳು. ಸನ್ನಿಧಾನದ ಪಕ್ಕದಲ್ಲೇ ಗುಡಿ ಇರುವ ದೇವಿ ಮಾಳಿಗಪ್ಪುರತ್ತಮ್ಮನ ಕಥೆ ಗೊತ್ತಲ್ಲ? ಯಾವ ವರ್ಷ ಒಬ್ಬನೂ ಕನ್ನಿ ಸ್ವಾಮಿ ಬರುವುದಿಲ್ಲವೋ ಆ ವರ್ಷ ನಿನ್ನನ್ನು ಮದುವೆ ಆಗುತ್ತೇನೆ ಅಂತ ಅಯ್ಯಪ್ಪ ಅವಳಿಗೆ ಮಾತು ಕೊಟ್ಟಿದ್ದಾನಂತೆ. ಅವಳು ವರ್ಷಾ ವರ್ಷಾ ದಾರಿಯಲ್ಲಿರುವ ಶರಂಗುತ್ತಿಗೆ ಬಂದು ನೋಡುತ್ತಾಳಂತೆ, ಕನ್ನಿಗಳು ಚುಚ್ಚಿ ಹೋದ ಶರಕೋಲುಗಳ, ಅಂದರೆ ಮರದ ಬಾಣಗಳ ರಾಶಿ ಕಂಡು ವಾಪಸ್ ಹೋಗುತ್ತಾಳಂತೆ. ಅಂದರೆ ಅವನ ಬ್ರಹ್ಮಚರ್ಯ ನಿಂತಿರುವುದು ವ್ರತ ಸರಿಯಾಗಿ ಬರದ ನಿನ್ನಂಥ ಹೊಸಬರ ಮೇಲೆ. ಪಳಗಿದವರ ಲೆಕ್ಕ ಅಲ್ಲಿ ಹಿಡಿಯುವುದೇ ಇಲ್ಲ. ಸುಮ್ನೆ ಒಂದು ಶರಕೋಲು ಯಾಕೆ ಕಮ್ಮಿ ಮಾಡ್ತೀಯ?

ಇವತ್ತು ಹುಡುಗ ಸ್ಕೂಲಿನಿಂದ ಬಂದ ಮೇಲೆ ಅವನ ಹತ್ತಿರ ಕೂತು ಮಾತಾಡು. ಅವನು ಮಾತಾಡದಿದ್ದರೆ ಒತ್ತಾಯ ಮಾಡಬೇಡ, ನಾಳೆ ಮತ್ತೆ ಕೂತ್ಕೋ. ಮಗ್ಗಿ ಒಂದು ವಾರ ಕೇಳಲೇಬೇಡ. ಇರುಮುಡಿ ಕಟ್ಟುವ ದಿನ ಅವನು ಬಂದು ಅಕ್ಕಿ ಹಾಕಿದರೆ ಹಾಕಲಿ, ಹಾಕಲ್ಲ ಅಂದರೆ ಅದೂ ಅವನಿಷ್ಟ.

ನಾನು ಶನಿವಾರ ನಿಮ್ಮ ಭಜನೆಗೆ ಬರುತ್ತೇನೆ. ನನ್ನ ಹತ್ತಿರ ಒಂದು ಕಪ್ಪು ಪಂಚೆ ಹಾಗೇ ಇದೆ, ತರುತ್ತೇನೆ, ಇನ್ನೊಂದು ಜೊತೆ ಬಟ್ಟೆ ಕೈಯಲ್ಲಿರಲಿ. ಹಿಮ್ಮಡಿ ಒಡೆದಿದೆ ಅಂದಿದ್ದೆಯಲ್ಲ, ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚು. ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಬೆಟ್ಟ ಹತ್ತಬೇಡಿ.

ನಿನ್ನ,
ಲೋ ಅನ್ನುವವನು