ಗೋದಾಮು ಮಳಿಗೆಯ ವೈನ್: ಅಗ್ಗದ ಬಾಟಲಿಯಲ್ಲಿ ಉಳಿತಾಯವಿಲ್ಲ

ಸಂಪಾದಕರಿಗೆ,

ವರ್ಷದ ಶುಲ್ಕ ಕಟ್ಟಿದ ಸದಸ್ಯರಿಗೆ ಸರಕು ಮಾರುವ ಅಮೆರಿಕದ ಕಾಸ್ಟ್‌ಕೊ, ಸ್ಯಾಮ್ಸ್ ಕ್ಲಬ್‌ನಂಥ ಗೋದಾಮು ಮಳಿಗೆಗಳಲ್ಲಿ ವೈನ್ ನೀರಿನ ಬೆಲೆಗೆ ಸಿಗುತ್ತದೆ ಎಂಬ ಮಾತು ಪ್ರವಾಸದ ಬರಹಗಳಲ್ಲಿ ಆಗಾಗ ಕಾಣಿಸುತ್ತದೆ. ಮಕ್ಕಳ ಮನೆಗೆಂದು ಹೋದವರು ಅದನ್ನು ನಂಬಿ ಆರೇಳು ಡಾಲರಿನ ಬಾಟಲಿಗಳನ್ನು ಗಾಡಿ ತುಂಬ ಹೇರಿಕೊಳ್ಳುವುದೂ ಉಂಟು. ಉಳಿತಾಯ ಅತಿ ಕಡಿಮೆ ಇರುವುದು ಆ ಬಾಟಲಿಗಳಲ್ಲೇ.

ಲೆಕ್ಕ ಸರಳ. ಕೊಂಡ ಬೆಲೆಯ ಮೇಲೆ ಶೇ 14ಕ್ಕಿಂತ ಹೆಚ್ಚು ಲಾಭ ಇಡಬಾರದು, ತನ್ನದೇ ‘ಕರ್ಕ್‌ಲ್ಯಾಂಡ್ ಸಿಗ್ನೇಚರ್’ ಸರಕಿಗಾದರೆ ಶೇ 15 ಮೀರಬಾರದು ಎಂಬ ಮಿತಿಯನ್ನು ಕಾಸ್ಟ್‌ಕೊ ಹಾಕಿಕೊಂಡಿದೆ. ಹೊರಗಿನ ವೈನ್ ಅಂಗಡಿ ಶೇ 40 ಇಡುತ್ತದೆ ಎಂದುಕೊಳ್ಳಿ. ಸಗಟಿನಲ್ಲಿ 6 ಡಾಲರಿನ ಬಾಟಲಿ ಕಾಸ್ಟ್‌ಕೊದಲ್ಲಿ 6.84, ಅಂಗಡಿಯಲ್ಲಿ 8.40. ಉಳಿದದ್ದು ಒಂದೂವರೆ ಡಾಲರ್ ಚಿಲ್ಲರೆ. ಸಗಟಿನಲ್ಲಿ 20 ಡಾಲರಿನದ್ದು 22.80 ಮತ್ತು 28, ಇಲ್ಲಿ 5.20 ಉಳಿಯಿತು. ವರ್ಷದ 65 ಡಾಲರ್ ಸದಸ್ಯತ್ವ ಶುಲ್ಕ ವೈನಿನಿಂದಲೇ ಹುಟ್ಟಬೇಕಾದರೆ ಅಗ್ಗದ್ದು 42 ಬಾಟಲಿ ಬೇಕು, ದುಬಾರಿಯದು 13 ಸಾಕು. ಅದೂ ಅಲ್ಲದೆ, ಎಲ್ಲೆಡೆ ಸಿಗುವ ಹೆಸರುವಾಸಿ ಅಗ್ಗದ ಬ್ರ್ಯಾಂಡ್‌ಗಳಿಗೆ ದೊಡ್ಡ ದಿನಸಿ ಸೂಪರ್‌ಮಾರ್ಕೆಟ್‌ಗಳು ಆರು ಬಾಟಲಿ ಒಟ್ಟಿಗೆ ಕೊಂಡರೆ ಶೇ 10, ಕೆಲವು ವಾರ ಇನ್ನೂ ಹೆಚ್ಚು ರಿಯಾಯಿತಿ ಕೊಡುತ್ತವೆ. ಆ ವಾರಗಳಲ್ಲಿ ಕಾಸ್ಟ್‌ಕೊ ಸೋಲುತ್ತದೆ. ಹಾಗಾಗಿ ಗೋದಾಮಿನಲ್ಲಿ ಕಣ್ಣಿಡಬೇಕಾದದ್ದು 12ರಿಂದ 30 ಡಾಲರಿನ ಸಾಲಿನ ಮೇಲೆ.

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಮಿಷಿಗನ್ ಮುಂತಾದ ಕೆಲವು ರಾಜ್ಯಗಳಲ್ಲಿ ಮದ್ಯ ಕೊಳ್ಳಲು ಸದಸ್ಯತ್ವವೇ ಬೇಕಿಲ್ಲ. ಬಾಗಿಲಲ್ಲಿ ನಿಂತವರಿಗೆ ಹೇಳಿದರೆ ಒಳಗೆ ಬಿಡುತ್ತಾರೆ. ಯೂಟಾದಲ್ಲಿ ಈ ಮಳಿಗೆಗಳು ವೈನ್ ಮಾರುವಂತೆಯೇ ಇಲ್ಲ. ಕಾಸ್ಟ್‌ಕೊ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡ್ ಎಂದರೆ ವೀಸಾ ಮಾತ್ರ ನಡೆಯುತ್ತದೆ. ವಯಸ್ಸು 21 ದಾಟಿದೆ ಎಂಬುದಕ್ಕೆ ಪಾಸ್‌ಪೋರ್ಟ್ ಕೇಳಬಹುದು, ತಲೆ ಪೂರ್ತಿ ನೆರೆತವರನ್ನೂ. ಚೀಟಿಯ ಬೆಲೆಯೇ ಕೊನೆಯ ಬೆಲೆ ಎಂಬ ನಮ್ಮ ಎಂಆರ್‌ಪಿ ಅಭ್ಯಾಸವನ್ನು ಮಾತ್ರ ಬಿಡಬೇಕು. ಮಾರಾಟ ತೆರಿಗೆ ಬಿಲ್ಲಿನಲ್ಲಿ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಕನಿಷ್ಠ ಶೇ 7.25.

ಬೆಲೆಚೀಟಿ ಓದಲು ಕಲಿತವರಿಗೆ ಅರ್ಧ ಕೆಲಸ ಮುಗಿದಂತೆ. ಕಾಸ್ಟ್‌ಕೊ ಇದನ್ನು ಎಲ್ಲೂ ಬರೆದು ಹಾಕುವುದಿಲ್ಲ, ಆದರೆ ಹಳೆಯ ಗ್ರಾಹಕರಿಗೆಲ್ಲ ಗೊತ್ತು: .99ರಲ್ಲಿ ಮುಗಿದರೆ ಮಾಮೂಲಿ ಬೆಲೆ, .97 ಆದರೆ ಖಾಲಿ ಮಾಡಲು ಇಳಿಸಿದ್ದು. ಚೀಟಿಯ ಮೇಲ್ತುದಿಯ ಬಲಕ್ಕೆ ನಕ್ಷತ್ರದ ಗುರುತಿದ್ದರೆ ಆ ಸರಕು ಮತ್ತೆ ಬರುವುದಿಲ್ಲ. ಎರಡೂ ಒಟ್ಟಿಗಿದ್ದರೆ ನಿಂತು ನೋಡುವುದು ಒಳ್ಳೆಯದು. ನೋಡಬೇಕು ಅಂದೆ, ಕೊಳ್ಳಬೇಕು ಅನ್ನಲಿಲ್ಲ. ಕ್ರಿಸ್‌ಮಸ್ ಹಬ್ಬದ ಕಾಲಕ್ಕೆಂದು ಅಕ್ಟೋಬರ್‌ನಿಂದ ತುಂಬಿಸಿದ ಶಾಂಪೇನ್, ಕ್ಯಾಲಿಫೋರ್ನಿಯಾದ ನಾಪಾ, ಫ್ರಾನ್ಸಿನ ಬೋರ್ಡೊ ಕೆಂಪು ವೈನ್‌ಗಳು ಜನವರಿಯಲ್ಲಿ .97ಕ್ಕೆ ಬಂದರೆ ಅದು ನಿಜವಾದ ಲಾಭ. ಅವು ಕೆಡುವ ಸರಕಲ್ಲ. ಎರಡು ವರ್ಷ ಹಳೆಯ ರೋಸೆ ಎಂಬ ಗುಲಾಬಿ ವೈನ್, ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಇಳಿದಿದ್ದರೆ ಕಾರಣ ಬೇರೆ. ಎಳೆಯದಾಗಿ ಕುಡಿಯಲೆಂದೇ ಮಾಡಿದ ಆ ವೈನ್‌ಗಳ ಪರಿಮಳ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಇನ್ನು ವೈನ್ ವಿಮರ್ಶಕರು ನೂರಕ್ಕೆ ಇಷ್ಟು ಎಂದು ಕೊಟ್ಟದ್ದನ್ನು ಕಪಾಟಿಗೆ ಸಿಕ್ಕಿಸಿದ ‘92 ಅಂಕ’ದ ಫಲಕ: ಅದರಲ್ಲಿರುವ ವರ್ಷವೂ ಬಾಟಲಿಯ ಮೇಲಿನ ಫಸಲಿನ ವರ್ಷವೂ ಒಂದೇ ಇರಬೇಕು. ಹಿಂದಿನ ವರ್ಷದ ಅಂಕಕ್ಕೆ ಈ ವರ್ಷದ ಬಾಟಲಿ ಮಾರುವುದು ಎಲ್ಲ ಅಂಗಡಿಗಳಲ್ಲೂ ಇದೆ.

ಕರ್ಕ್‌ಲ್ಯಾಂಡ್ ಹೆಸರಿನ ವೈನಿನ ಬಗ್ಗೆ ಸ್ವಲ್ಪ ವಿವರ ಬೇಕು. ಕಾಸ್ಟ್‌ಕೊಗೆ ಸ್ವಂತ ದ್ರಾಕ್ಷಿ ತೋಟವಿಲ್ಲ. ಬೇರೆ ತಯಾರಕರಿಂದ ಮಾಡಿಸಿ, ಕೊಂಡು ತನ್ನ ಲೇಬಲ್ ಅಂಟಿಸುತ್ತದೆ. ಜಾಹೀರಾತಿನ ಖರ್ಚು ಉಳಿಯುವುದರಿಂದ ಬೆಲೆ ಇಳಿಯುತ್ತದೆ. ಗುಣ ಅಳೆಯಲು ಲೇಬಲ್ಲಿನಲ್ಲಿ ಊರಿನ ಹೆಸರು ಹುಡುಕಿ. ಬರೀ ‘ಕ್ಯಾಲಿಫೋರ್ನಿಯಾ’ ಎಂದಿದ್ದರೆ ರಾಜ್ಯದ ಯಾವ ಮೂಲೆಯ ದ್ರಾಕ್ಷಿಯೂ ಇರಬಹುದು. ‘ನಾಪಾ ವ್ಯಾಲಿ’, ಅದರೊಳಗಿನ ‘ರದರ್‌ಫರ್ಡ್’ ಎಂಬಂಥ ಗುರುತಿಸಿದ ಪ್ರದೇಶದ ಹೆಸರಿದ್ದರೆ ಕಾನೂನಿನ ಪ್ರಕಾರ ಕನಿಷ್ಠ ಶೇ 85ರಷ್ಟು ದ್ರಾಕ್ಷಿ ಅಲ್ಲಿಯದೇ ಆಗಿರಬೇಕು; ವರ್ಷ ನಮೂದಿಸಿದರೆ ಶೇ 95ರಷ್ಟು ಆ ವರ್ಷದ ಫಸಲಿನದ್ದಾಗಿರಬೇಕು. ಹೆಸರು ಚಿಕ್ಕ ಜಾಗದ್ದಾದಷ್ಟೂ ಕೊಟ್ಟ ದುಡ್ಡಿಗೆ ಭರವಸೆ ಹೆಚ್ಚು. ‘ರಿಸರ್ವ್’ ಎಂಬ ಪದಕ್ಕೆ ಅಮೆರಿಕದ ಬಾಟಲಿಯ ಮೇಲೆ ಕಾನೂನಿನ ಅರ್ಥವೇ ಇಲ್ಲ. ಸ್ಪೇನಿನ ರಿಯೋಹಾದಲ್ಲಿ ‘ರಿಸೆರ್ವಾ’ ಅಂದರೆ ಕೆಂಪು ವೈನು ಕನಿಷ್ಠ 3 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ಅಷ್ಟು ಕಾಲ ಕಾದು ಬಂದದ್ದು ಇಲ್ಲಿ ಇಷ್ಟು ಕಡಿಮೆಗೆ ಸಿಗುವುದರಿಂದ, 12 ಡಾಲರಿನ ಕೆಳಗೆ ಏನಾದರೂ ಕೊಳ್ಳಲೇಬೇಕೆಂದರೆ ನನ್ನ ಆಯ್ಕೆ ಇದೇ.

ಬಾಟಲಿ ಎತ್ತಿಕೊಂಡ ಮೇಲೆ ಬೆಳಕಿಗೆ ಹಿಡಿಯಿರಿ. ಬಿರಡೆಯ ಮೇಲೆ ಸುತ್ತಿದ ಹಾಳೆ ತುಸು ಉಬ್ಬಿದ್ದರೆ, ಬಿರಡೆ ಮೇಲೆದ್ದಿದ್ದರೆ, ಕತ್ತಿನ ಸುತ್ತ ಅಂಟು ಸೋರಿದ್ದರೆ, ಪಕ್ಕದ ಬಾಟಲಿಗಿಂತ ಮಟ್ಟ ಇಳಿದಿದ್ದರೆ ಅದು ಬಿಸಿಲು ಕಂಡ ಮಾಲು. ಲಾರಿಯಲ್ಲಾಗಲಿ ಗೋದಾಮಿನಲ್ಲಾಗಲಿ ಬಿಸಿ ತಗುಲಿದ ವೈನ್ ಹಿಗ್ಗಿ ಬಿರಡೆಯನ್ನು ನೂಕುತ್ತದೆ, ಬೇಯಿಸಿದ ಹಣ್ಣಿನ ರುಚಿಗೆ ತಿರುಗುತ್ತದೆ. ನಿಮ್ಮ ಕಾರಿನಲ್ಲೂ ಇದೇ ಆಗುತ್ತದೆ. ಬೇಸಿಗೆಯಲ್ಲಿ ವೈನನ್ನು ಕೊನೆಯಲ್ಲಿ ಕೊಂಡು ನೇರ ಮನೆಗೆ ಹೋಗಬೇಕು, ದಾರಿಯಲ್ಲಿ ದೇವಸ್ಥಾನ, ಊಟ ಎಂದು ಕಾರು ನಿಲ್ಲಿಸಿ ಇಳಿಯಬಾರದು.

ಒಂದು ಬಾಟಲಿ ತಂದು ಅದೇ ಸಂಜೆ ತೆರೆದು ನೋಡಿ, ಹಿಡಿಸಿದರೆ ಆ ವಾರದೊಳಗೇ ಉಳಿದದ್ದನ್ನು ತನ್ನಿ. ಬಂದ ಸರಕು ಮುಗಿದರೆ ಅದೇ ಮತ್ತೆ ಬರುವ ಖಾತ್ರಿಯಿಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಮದ್ಯ ವಾಪಸು ಪಡೆಯುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ರಸೀದಿ ಇಟ್ಟುಕೊಂಡು ಕೇಳಿ ನೋಡಿ. 1.5 ಲೀಟರಿನ ದೊಡ್ಡ ಬಾಟಲಿ ಒಬ್ಬಿಬ್ಬರ ಮನೆಗೆ ನಷ್ಟ. ತೆರೆದ ಕೆಂಪು ವೈನ್ ಫ್ರಿಜ್‌ನಲ್ಲಿ ಮೂರರಿಂದ ಐದು ದಿನ ತಡೆಯುತ್ತದೆ, ಆಮೇಲೆ ಹುಳಿ. 3 ಲೀಟರಿನ ಪೆಟ್ಟಿಗೆ ವೈನ್ ಅಂದರೆ ನಾಲ್ಕು ಬಾಟಲಿ. ಒಳಗಿನ ಚೀಲ ಖಾಲಿಯಾದಂತೆ ಕುಗ್ಗಿ ಗಾಳಿ ಬಿಡದ ಕಾರಣ ಫ್ರಿಜ್‌ನಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ.

ಸಸ್ಯಾಹಾರಿಗಳಿಗೊಂದು ಮಾತು. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುತ್ತಾರೆ. ಇನ್ನು ಕೆಲವರು ಬೆಂಟೊನೈಟ್ ಎಂಬ ಜೇಡಿಮಣ್ಣು. ಯಾವುದೆಂದು ಬರೆಯುವ ಕಡ್ಡಾಯ ಅಮೆರಿಕದಲ್ಲಿಲ್ಲ. ‘ವೀಗನ್’ ಅಥವಾ ‘ಅನ್‌ಫೈನ್ಡ್’ (ಹೀಗೆ ತಿಳಿಗೊಳಿಸದ್ದು) ಎಂದು ಲೇಬಲ್ಲಿನಲ್ಲಿದ್ದರೆ ಧೈರ್ಯವಾಗಿ ಕೊಳ್ಳಬಹುದು.

ಊರಿಗೆ ತರುವವರು ನೆನಪಿಡಬೇಕಾದದ್ದು: ಭಾರತದ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ತಲೆಗೆ 2 ಲೀಟರ್ ಮದ್ಯ. 750 ಮಿ.ಲೀ.ನ ಎರಡು ಬಾಟಲಿ ಸೇರಿ ಒಂದೂವರೆ ಲೀಟರ್. ಮೂರನೆಯದು 250 ಮಿ.ಲೀ. ಮೀರುತ್ತದೆ, ಸುಂಕ ಕೇಳುತ್ತದೆ. ಕೈಚೀಲದಲ್ಲಿ ಭದ್ರತಾ ತಪಾಸಣೆ ದಾಟದು. ಪೆಟ್ಟಿಗೆಯ ನಡುವೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲ ಬಿಗಿದು ಇಡಬೇಕು. ತರುವುದು ಎರಡೇ ಆದ್ದರಿಂದ 25 ಡಾಲರಿನ ಮೇಲಿನದ್ದನ್ನೇ ತನ್ನಿ.

ಇಂತಿ,
ಓದುಗ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ